ಠಾಣೆಯ ಅಂಗಳದ ನೀಲಿ ಸ್ಕೂಟರ್

ನಾನೊಂದು ನೀಲಿ ಸ್ಕೂಟರ್. ಕಾರ್ಖಾನೆಯಲ್ಲಿ ನನ್ನಂಥವರು ಸಾಲುಸಾಲಾಗಿ ಹುಟ್ಟುತ್ತಾರೆ. ತಾಯಿಯ ಮುಖ ಯಾರೂ ನೋಡಿದ್ದಿಲ್ಲ. ಹುಬ್ಬಳ್ಳಿಯ ನರ್ಸ್ ಸುಲೋಚನಾ ನನ್ನನ್ನು ಕೊಂಡರು. ಒಳ್ಳೆಯ ಹೆಂಗಸು, ಆದರೆ ನನ್ನನ್ನು ಒರೆಸಲೂ ಅವರಿಗೆ ಪುರುಸೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಆಸ್ಪತ್ರೆಯ ಹಿಂದೆ ಇಬ್ಬರು ಹುಡುಗರು ಹ್ಯಾಂಡಲ್ ಒದ್ದು ನನ್ನ ಲಾಕ್ ಮುರಿದರು. ಮೈಲಾರಿ ಮತ್ತು ದಾವಲ್. ಇಬ್ಬರಿಗೂ ಮೀಸೆ ಆಗಷ್ಟೇ ಚಿಗುರಿತ್ತು. ನಂಬರ್ ಪ್ಲೇಟಿಗೆ ಗ್ರೀಸ್ ಮೆತ್ತಿ ಊರೆಲ್ಲ ಸುತ್ತಿಸಿದರು. ದಾವಲ್‌ಗೆ ನಾನು ಬರೀ ಮಾಲು. ಮೈಲಾರಿಯ ಸಂಗತಿ ಬೇರೆ. ದುಡಿಯಲು ಗೋವಾಕ್ಕೆ ಹೋದ ಅವನ ತಾಯಿ ತಿರುಗಿ ಬಂದಿರಲಿಲ್ಲ. ಅವನು ನನ್ನ ಸೀಟಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ.

"ಗುಜರಿಗೆ ಹಾಕೂಣಲೇ," ಎಂದ ದಾವಲ್.

"ಹಬ್ಬ ಆಗ್ಲಿ. ಪೂಜಿ ಮಾಡ್ಲಾರ್ದ ಗಾಡಿ ಕಳಸಬಾರ್ದು."

"ಕದ್ದ ಗಾಡಿಗೆ ಎಂಥಾ ಪೂಜಿನಲೇ, ಹುಚ್ಚಪ್ಪಾ!"

"ಗಾಡಿ ಏನ್ ಕದ್ದೈತೇನು? ಕದ್ದವ್ರು ನಾವು."

ಆಯುಧಪೂಜೆಯ ದಿನ ಓಣಿಯವರೆಲ್ಲ ಗಾಡಿ ತೊಳೆದರು. ಮೈಲಾರಿಯೂ ಸೀಮೆಎಣ್ಣೆ ಹಾಕಿ ನನ್ನನ್ನು ಉಜ್ಜಿದ. ಗ್ರೀಸೆಲ್ಲ ಹೋಗಿ ನಂಬರ್ ಪ್ಲೇಟು ಫಳಫಳ ಹೊಳೆಯಿತು. ಆ ಪ್ಲೇಟಿಗೇ ವಿಭೂತಿ ಹಚ್ಚಿದ, ನನಗೆ ಚೆಂಡುಹೂವಿನ ಮಾಲೆ ಹಾಕಿದ. ದಾವಲ್‌ನನ್ನು ಹಿಂದೆ ಕೂರಿಸಿಕೊಂಡು ಎದೆಯುಬ್ಬಿಸಿ ದೊಡ್ಡ ರಸ್ತೆಗೆ ಬಂದ.

ಮೊದಲ ಸರ್ಕಲ್ಲಿನಲ್ಲೇ ಪೊಲೀಸರು ನಂಬರ್ ಓದಿ ಅಡ್ಡಹಾಕಿದರು. ದಾವಲ್ ಜಿಗಿದು ಓಡಿದ. ಮೈಲಾರಿಗೆ ನನ್ನನ್ನು ಕೆಡವಿ ಓಡಲು ಮನಸ್ಸಾಗಲಿಲ್ಲ. ಸ್ಟ್ಯಾಂಡ್ ಹಾಕುವಷ್ಟರಲ್ಲಿ ಕೊರಳಪಟ್ಟಿ ಹಿಡಿದರು.

"ಮನ್ಯಾಗಿನವ್ರು ಯಾರರ ಬಂದ್ರ ಅವರ ಕೂಡ ಕಳಸ್ತೀವಿ," ಎಂದರು ಠಾಣೆಯಲ್ಲಿ. "ಇಲ್ಲಂದ್ರ ಬಾಲಮಂದಿರ."

ಗೋವಾಕ್ಕೆ ಫೋನು ಹತ್ತಲಿಲ್ಲ. ಅವನು ಗೇಟನ್ನೇ ನೋಡುತ್ತ ಕೂತ. ಸಂಜೆ ಒಬ್ಬ ಹೆಂಗಸು ಒಳಗೆ ಬಂದದ್ದು ಕಂಡು ಥಟ್ಟನೆ ಎದ್ದು ನಿಂತ. ಬಂದವರು ಸುಲೋಚನಾ. ನನ್ನನ್ನು ನೋಡಲು.

ಅವರು ಮಾಲೆ ಮುಟ್ಟಿದರು. "ನೀ ಹಾಕಿದ್ಯಾ?"

"ಹೌದ್ರಿ ಯಕ್ಕಾ."

"ನಾ ಒಮ್ಮಿನೂ ಇಷ್ಟು ಚಂದ ತೊಳ್ದಿಲ್ಲೋ ತಮ್ಮಾ."

ಕೇಸು ಮುಗಿಯದೆ ನನ್ನನ್ನು ಒಯ್ಯುವಂತಿರಲಿಲ್ಲ. ಅವರು ಬೇರೆ ಗಾಡಿ ಕೊಂಡೂ ಆಗಿತ್ತು. ಕಣ್ಣೊರೆಸಿಕೊಂಡು ಹೊರಟುಹೋದರು.

ಬಾಲಮಂದಿರದ ವ್ಯಾನು ಹತ್ತುವಾಗ ಮೈಲಾರಿ ಪೇದೆಗೆ ಹೇಳಿದ: "ಸಾಹೇಬ್ರ, ಅದನ್ನ ನೆರಳಿಗೆ ನಿಲ್ಲಸ್ರಿ. ಬಿಸಲಿಗೆ ಸೀಟು ಸೀಳ್ತೈತಿ."

"ಆತು, ಹತ್ತಪಾ."

ವರ್ಷಗಳಾದವು. ಯಾರೂ ನೆರಳಿಗೆ ಸರಿಸಲಿಲ್ಲ, ಸೀಟು ಸೀಳಿಹೋಗಿದೆ. ಆದರೂ ನನ್ನ ಪರವಾಗಿ ಒಬ್ಬ ಒಂದು ಮಾತು ಆಡಿದ್ದ. ಅವನ ಪರವಾಗಿ ಮಾತಾಡಬಲ್ಲವನು ಆ ದಿನ ಠಾಣೆಯಲ್ಲಿ ನಾನೊಬ್ಬನೇ ಇದ್ದೆ. ನನಗೆ ಬಾಯಿರಲಿಲ್ಲ.