ಪಾರಿವಾಳದ ತೂತಿಗೆ ತಕ್ಕ ಫ್ಯಾನು

"ನಿನ್ನ ಮೂಗಿನ ತೂತು ಏಟಗಲ ಐತೆ, ತೋರ್ಸೇ ರಂಗಿ. ಅದಕ್ಕೆ ಈ ಫ್ಯಾನು ಸಾಲಕ್ಕಿಲ್ವಾ, ಮುಂಡೇದೇ?"

ಮಿಲ್ಲಿನ ಸಾವ್ಕಾರ್ ಶಂಕರಲಿಂಗಪ್ಪ ಊಟದ ತಟ್ಟೆಯಷ್ಟಗಲದ ಫ್ಯಾನನ್ನು ರಂಗಕ್ಕನ ಮುಖಕ್ಕೆ ಹಿಡಿದರು. ಕಡ್ಲೆಬೀಜ ಆರಿಸುತ್ತಿದ್ದ ಹೆಂಗಸರು ಸೆರಗಿನೊಳಗೇ ನಕ್ಕರು. ರಂಗಕ್ಕ ನಗಲಿಲ್ಲ. ನಕ್ಕರೆ ಅವಳಿಗೆ ಕೆಮ್ಮು ಬರುತ್ತಿತ್ತು. ಕೆಮ್ಮುವವರನ್ನು ಸಾವ್ಕಾರರು ಕೆಲಸದಿಂದ ಬಿಡಿಸುತ್ತಿದ್ದರು. ತನ್ನ ಎದೆ ಸಿಳ್ಳೆ ಹಾಕುವುದು ಕೇಳಿ ಮಗಳು ಹೆದರುತ್ತಾಳೆಂದು ಮನೆಯಲ್ಲಿ ಅವಳು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಮನಸಾರೆ ನಕ್ಕದ್ದು ಯಾವ ಕಾಲದಲ್ಲೋ, ಅವಳಿಗೇ ನೆನಪಿರಲಿಲ್ಲ.

ಶಿರಾ ಪಕ್ಕದ ಆ ಶೆಡ್ಡಿನಲ್ಲಿ ಕಡ್ಲೆಕಾಯಿ ಒಡೆಯುವ ಮಿಷನ್ನು ಶುರುವಾಯಿತೆಂದರೆ ಎದುರಿಗೆ ಕೂತವಳ ಮುಖ ಕಾಣದಷ್ಟು ಧೂಳು. ವೈರಿಂಗ್ ಕೆಲಸದ ಜಯರಾಮು ಶೆಡ್ಡಿನ ಉದ್ದ, ಅಗಲ, ಎತ್ತರ ಅಳೆದು, ಒಳಗಿನ ಗಾಳಿಯೆಲ್ಲ ಎರಡು ಮೂರು ನಿಮಿಷಕ್ಕೊಮ್ಮೆ ಹೊಸದಾಗಬೇಕು, ಅದಕ್ಕೆ ಗಾಡಿಚಕ್ರದಂಥ ಫ್ಯಾನು ನಾಲ್ಕಾದರೂ ಬೇಕು ಎಂದಿದ್ದ. ಸಾವ್ಕಾರರು ಶೆಡ್ಡನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಗೋಡೆಯಲ್ಲಿ ಪಾರಿವಾಳ ಹೋಗಿಬರುವ ತೂತೊಂದಿತ್ತು. ಅದನ್ನು ಗೇಣು ಹಾಕಿ ಅಳೆದುಕೊಂಡು ಹೋಗಿ, ಅದರಲ್ಲಿ ಸರಿಯಾಗಿ ಕೂರುವ, ಹೊಗೆ ಆಚೆಗೆಳೆಯುವ ಅಡುಗೆಮನೆ ಫ್ಯಾನು ತಂದರು. ಗೋಡೆ ಒಡೆಯುವ ಕೆಲಸವೂ ಉಳಿಯಿತು ಎಂದು ಬೀಗಿದರು.

ಬಾಗಿಲಾದರೂ ತೆರೆದಿಡೋಣವೆಂದರೆ ಅದೂ ಇಲ್ಲ. ಮಿಷನ್ನು ಓಡುವಾಗ ಹೊರಗಿನಿಂದ ಅಗಳಿ ಬೀಳಬೇಕು, ಒಳಗೆ ಯಾರೇ ಇರಲಿ, ಅದು ಸಾವ್ಕಾರರ ರೂಲು. ಸಂಜೆ ಹೆಂಗಸರು ಒಬ್ಬೊಬ್ಬರೇ ಹೊಸ್ತಿಲಲ್ಲಿ ನಿಂತು, ಮಡಿಲು ಒದರಿ, ಬೀಜ ಕದ್ದಿಲ್ಲವೆಂದು ತೋರಿಸಿಯೇ ಆಚೆ ಬರಬೇಕು.

ಶುಕ್ರವಾರ ಫ್ಯಾನಿಗೆ ಪೂಜೆ. ಪೂಜೆಗೆ ಬಂದ ಅಯ್ನೋರು ಮರುಳಸಿದ್ದಯ್ಯ, ಮಿಷನ್ನು ಫ್ಯಾನು ಎರಡೂ ಓಡುತ್ತಿರುವಾಗಲೇ ಮಂಗಳಾರತಿ ಆಗಬೇಕೆಂದರು. ಮೈಲಿಗೆಯಾದೀತೆಂದು ಹೆಂಗಸರನ್ನೆಲ್ಲ ಆಚೆ ಕಳಿಸಿದರು. ಒಳಗೆ ಉಳಿದವರು ಅವರು, ಸಾವ್ಕಾರರು ಇಬ್ಬರೇ.

ಮಿಷನ್ನು ಗುಡುಗಿತು. ರಂಗಕ್ಕನ ಕೈ ರೂಲಿನಂತೆ ಅಗಳಿಯತ್ತ ಹೋಯಿತು. ಅಲ್ಲೇ ಒಂದು ಗಳಿಗೆ ತಡೆಯಿತು. ಆಮೇಲೆ ಅಗಳಿ ಬಿತ್ತು.

ಒಳಗೆ ಮಂತ್ರ ಮೊದಲು ನಿಧಾನವಾಗಿ, ಆಮೇಲೆ ಅವಸರವಾಗಿ, ಆಮೇಲೆ ಸೀನುಗಳ ನಡುವೆ ಸಂದು ಸಿಕ್ಕಿದಾಗ ಮಾತ್ರ ಕೇಳಿಸಿತು. ಗಂಟೆ ನೆಲಕ್ಕೆ ಬಿದ್ದ ಸದ್ದು. ಮಿಷನ್ನು ನಿಂತಿತು. ಧೂಳು ನಿಲ್ಲಲಿಲ್ಲ. ಪಾರಿವಾಳದ ತೂತಿನಲ್ಲಿ ಹೂವಿನ ಹಾರ ಹಾಕಿಕೊಂಡ ಫ್ಯಾನು ಬಲು ಶ್ರದ್ಧೆಯಿಂದ ತಿರುಗುತ್ತ, ಚಿಟಿಕೆ ಚಿಟಿಕೆಯಾಗಿ ಹೊಟ್ಟು ಉಗುಳುತ್ತಿತ್ತು.

ಬಾಗಿಲು ದಡದಡ ಬಡಿಯಿತು. "ತೆಗೀರೇ ಬೇವರ್ಸಿಗಳಾ, ಉಸ್ರು ಕಟ್ತಾ ಐತೆ."

"ಫ್ಯಾನು ತಿರುಗ್ತಾ ಐತಲ್ಲ ಸಾವ್ಕಾರ್ರೇ," ಎಂದಳು ರಂಗಕ್ಕ. "ನಿಮ್ಮ ಮೂಗಿನ ತೂತು ಏಟಗಲ ಐತೆ?"

ಜೊತೆ ಕೆಲಸದ ದಿವ್ಯ ಅವಳ ರಟ್ಟೆ ಹಿಡಿದಳು. "ತೆಗಿ ಕಣಕ್ಕ, ಕೆಲ್ಸ ಹೋಯ್ತದೆ."

"ಕೆಮ್ಮಿದ್ರೂ ಹೋಯ್ತದೆ ಬುಡು."

ರಂಗಕ್ಕ ಅಗಳಿ ತೆಗೆದಾಗ ಅಯ್ನೋರು ಅವಳ ತೋಳಿನ ಕೆಳಗೇ ನುಸುಳಿ, ಪಂಚೆ ಒದರಿಕೊಳ್ಳುತ್ತ ರಸ್ತೆಗೆ ಓಡಿದರು. ಹಿಂದೆಯೇ ಸಾವ್ಕಾರರು ಬಂದರು. ಹುಬ್ಬು, ಮೀಸೆ, ವಿಭೂತಿ ಎಲ್ಲಕ್ಕೂ ಒಂದೇ ಕೆಂಬಣ್ಣ. ಒಂದು ಕಾಲು ಹೊಸ್ತಿಲ ಮೇಲಿಡುತ್ತಿದ್ದಂತೆ ರಂಗಕ್ಕ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಪಂಚೆ ಒದ್ರಿ ಆಚಿಗ್ ಬನ್ನಿ. ನೀವೇ ಮಾಡಿದ ರೂಲು."

ಸಾವ್ಕಾರರು ಬಾಯಿ ತೆರೆದರು. ಬೈಗುಳದ ಬದಲು ಕೆಮ್ಮು ಬಂತು. ಅದನ್ನು ಕೇಳಿ ರಂಗಕ್ಕನಿಗೆ ನಗು ಬಂತು, ತಡೆಯಲಿಲ್ಲ. ನಗುವಿನ ಬೆನ್ನಿಗೇ ಅವಳ ಕೆಮ್ಮೂ ಬಂತು. ಹೊಸ್ತಿಲಿನ ಆಚೆಗೊಬ್ಬರು ಈಚೆಗೊಬ್ಬರು ಬಗ್ಗಿ ಬಗ್ಗಿ ಕೆಮ್ಮಿದರು. ಅವಳ ಕೈ ಮಾತ್ರ ಬಾಗಿಲಿಗೆ ಅಡ್ಡವಾಗಿಯೇ ಇತ್ತು.