ಊರು ಹೊತ್ತ ದೈತ್ಯ

ರುಖ್ಸಾರಳ ದೈತ್ಯರು ಐದು ನಿಮಿಷಕ್ಕಿಂತ ಹೆಚ್ಚು ಬದುಕಿದ್ದೇ ಇಲ್ಲ. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಅವಳ ಮಾಮಾ ಬಾಬುಮಿಯಾ ಅವರ ಬೇಳೆ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ರವಿವಾರ ಆಟ. ಅವಳು ಕಥೆ ಹೇಳಬೇಕು; ಗೆಳೆಯರಾದ ಮಂಗೇಶ, ಸಾನಿಕಾ, ಜುನೈದ ಕಥೆಯೊಳಗಿನ ವೀರರಾಗಿ ದಾಳ ಉರುಳಿಸಬೇಕು. ಮೂರು ತಲೆಯ ದೈತ್ಯನನ್ನು ತಂದಳು, ಬೆಂಕಿ ಉಗುಳುವವನನ್ನು ತಂದಳು. ಮಂಗೇಶನೆಂಬ ಪುಣ್ಯಾತ್ಮ ಭಾಲ್ಕಿಯ ಬಸ್ಸಿನಲ್ಲೇ ಕತ್ತಿ ಮಸೆದುಕೊಂಡು ಬರುತ್ತಿದ್ದನೋ ಏನೋ, ದೈತ್ಯನ ಹೆಸರು ಕೇಳುವ ಮೊದಲೇ ಕಡಿದು ಹಾಕುತ್ತಿದ್ದ.

"ಬರೋ ರವಿವಾರನೂ ಹಿಂಗೇ ಆದ್ರ ಆಮ್ಯಾಲಿಂದ ಕಥಿ ನಾ ಹೇಳ್ತೇನಿ," ಎಂದು ಹೋದ ವಾರ ಹೇಳಿದ್ದ.

ಉಳಿದಿಬ್ಬರು ಬೇಡ ಎನ್ನಲಿಲ್ಲ. ಅದೇ ಅವಳಿಗೆ ಹೆಚ್ಚು ನೋವಾದದ್ದು. ವಾರವಿಡೀ ಊರವರ ಬಟ್ಟೆ ಹೊಲಿಯುವವಳಿಗೆ ಆ ಎರಡು ತಾಸಿನ ಕಥೆಯೇ ಜೀವ.

ಶುಕ್ರವಾರ ಮಧ್ಯಾಹ್ನ ಅಂಗಡಿ ಕಟ್ಟೆಯ ಮೇಲೆ ಗೋರಖನಾಥ ಚಹಾ ಕುಡಿಯುತ್ತಿದ್ದ. ಕಮಠಾಣದಿಂದ ಬಂದು ಇಲ್ಲಿ ಚೀಲ ಹೊರುವ ಹಮಾಲ, ಯಾವ ಬಾಗಿಲಿಗೂ ತಲೆ ತಗ್ಗಿಸಿಯೇ ಬರಬೇಕಾದ ಆಳು. ರುಖ್ಸಾರ ನೋಟ್‌ಬುಕ್ ಹಿಡಿದು ಅವನ ಎದುರು ಕೂತಳು.

"ಕಾಕಾ, ಗುಡ್ಡದಷ್ಟು ಎತ್ತರದ ಮನಷ್ಯಾ ಇದ್ರ, ಅವ ಯಾತಕ್ಕ ಅಂಜ್ತಾನರಿ?"

ಗೋರಖನಾಥ ನಗಲಿಲ್ಲ. ಚಹಾವನ್ನು ಬಸಿ ತಟ್ಟೆಗೆ ಸುರಿದುಕೊಂಡು ವಿಚಾರ ಮಾಡಿದ.

"ಅವನ ಬೆನ್ನ ಮ್ಯಾಲ ಏನದ?"

"ಬಂಡಿಗಲ್ಲು ಇಡ್ಲೇನ್ರಿ?"

"ಕಲ್ಲಾದ್ರ ಒಗದು ಹೋಗ್ತಾನ ಬೇಟಿ. ತೊಗರಿ ಚೀಲ ನಾನೂ ಒಗಿತೇನಿ. ಒಡಿಯೋ ಸಾಮಾನ ಇದ್ರ ಬ್ಯಾರೆ ಮಾತು. ಹೊತಗೊಂಡು ಎಷ್ಟು ದೂರ ಬೇಕಾದ್ರೂ ಹೋಗ್ತೇನಿ, ಇಳಸಲಿಕ್ಕಿ ಮಾತ್ರ ಇನ್ನೊಬ್ಬರು ಬೇಕು. ಅವರು ಬರಲಿಲ್ಲಂದ್ರ ಹ್ಯಾಂಗ? ಅದಕ್ಕ ಅಂಜಿಕಿ."

ರುಖ್ಸಾರಳ ಪೆನ್ಸಿಲ್ ನಿಂತೇಬಿಟ್ಟಿತು. ಇಷ್ಟು ದಿನ ದೈತ್ಯನಿಗೆ ಎಷ್ಟು ಹಲ್ಲು ಎಂದು ಎಣಿಸಿದ್ದಳೇ ಹೊರತು ಇದು ಹೊಳೆದಿರಲಿಲ್ಲ. ಗೋರಖನಾಥನ ತಲೆಯಲ್ಲೂ ಹುಳ ಹೊಕ್ಕಿತು: ಅವ ಏನು ಉಣ್ತಾನ, ಎಲ್ಲಿ ಮಲಗ್ತಾನ? ರವಿವಾರ ಬಂದು ನೋಡಿರೆಂದಳು.

ರವಿವಾರ ಗೋರಖನಾಥ ಸಂಕೋಚದಿಂದ ಬಾಗಿಲ ಬಳಿಯೇ ಕೂತ. ರುಖ್ಸಾರ ಎದ್ದು, ತಾನೇ ದೈತ್ಯನಂತೆ ಬೆನ್ನು ಬಾಗಿಸಿ ಕಥೆ ಶುರು ಮಾಡಿದಳು. ಔರಾದಿನ ದಾರಿಗೆ ಅಡ್ಡಲಾಗಿ ದೈತ್ಯ ನಿಂತಿದ್ದಾನೆ. ಬೆನ್ನ ಮೇಲೆ ಇಡೀ ಒಂದು ಊರು. ಒಲೆಗಳ ಹೊಗೆ ಏಳುತ್ತಿದೆ.

"ಕಾಲಿಗಿ ಹೊಡಿತೇನಿ," ಎಂದು ಮಂಗೇಶ ದಾಳ ಉರುಳಿಸಿದ. ಏಟು ಬಿತ್ತು. ದೈತ್ಯನ ಮೊಣಕಾಲು ಕುಸಿಯಿತು. ಮೇಲೆ ಯಾರದೋ ಕೂಸು ಚೀರಿತು; ಒಂದು ಗಡಿಗೆ ಉರುಳಿ ಬಂದು ಮಂಗೇಶನ ಮುಂದೆಯೇ ಒಡೆಯಿತು. ದೈತ್ಯ ತಿರುಗಿ ಹೊಡೆಯಲಿಲ್ಲ.

"ಸ್ವಲ್ಪ ಕೈ ಹಚ್ಚರಿ," ಎಂದ.

"ಮೋಸ ಅದ ಇದು," ಎಂದು ಜುನೈದ ಗೊಣಗಿದ.

ಸಾನಿಕಾ ಅವನನ್ನು ತಡೆದು ದೈತ್ಯನತ್ತ ತಿರುಗಿದಳು. "ಎಷ್ಟು ದಿವಸದಿಂದ ಹಿಂಗ ನಿಂತೀರಿ?"

ರುಖ್ಸಾರ ಬೆನ್ನನ್ನು ಇನ್ನಷ್ಟು ಬಾಗಿಸಿದಳು. ಅವಳ ದೈತ್ಯನಿಗೆ ಯಾರಾದರೂ ಪ್ರಶ್ನೆ ಕೇಳಿದ್ದು ಇದೇ ಮೊದಲು.

"ಮುನ್ನೂರು ವರ್ಷ ಆತು."

"ಇಳಸಲಿಕ್ಕಿ ಯಾರೂ ಬರಲಿಲ್ಲೇನ್ರಿ?"

"ಬಂದ್ರು. ಎಲ್ಲಾರ ಕೈಯಾಗ ಕತ್ತಿ ಇತ್ತು."

ಐದು ನಿಮಿಷ ಯಾವಾಗ ದಾಟಿತೋ ಯಾರೂ ನೋಡಲಿಲ್ಲ. ಮಂಗೇಶ ಕೈಯಲ್ಲಿದ್ದ ದಾಳವನ್ನು ಜಮಖಾನೆಯ ಮೇಲಿಟ್ಟ.

"ಎಲ್ಲಿ ಹಿಡೀಬೇಕು?"

ಇದಕ್ಕೆ ರುಖ್ಸಾರಳ ನೋಟ್‌ಬುಕ್ಕಿನಲ್ಲಿ ಉತ್ತರವಿರಲಿಲ್ಲ. ಉತ್ತರ ಬಾಗಿಲ ಕಡೆಯಿಂದ ಬಂತು.

"ಮೊದಲ ಬಂದೀವಿ ಅಂತ ಹೇಳ್ರಿ," ಎಂದ ಗೋರಖನಾಥ. ಯಾವಾಗ ಎದ್ದು ನಿಂತಿದ್ದನೋ. "ಹೊರಿ ಹೊತ್ತಾಂವಗ ಮಂದಿ ಕಾಲಷ್ಟ ಕಾಣ್ತಾವರಿ. ಮಾರಿ ಕಾಣಂಗಿಲ್ಲ."

ಮಂಗೇಶ ಮೊಣಕಾಲೂರಿ, ಬಾಗಿದ್ದ ರುಖ್ಸಾರಳ ಮುಖವನ್ನು ಕೆಳಗಿನಿಂದ ನೋಡಿದ.

"ಬಂದೀವ್ರಿ."

"ಎಷ್ಟು ಮಂದಿ?" ದೈತ್ಯ ಕೇಳಿದ.

ಮಂಗೇಶ ಸಾನಿಕಾಳನ್ನು ನೋಡಿದ, ಜುನೈದನನ್ನು ನೋಡಿದ, ಆಮೇಲೆ ಬಾಗಿಲ ಕಡೆ ತಿರುಗಿದ.

"ನಾಲ್ಕು," ಎಂದ.