ಒಂದು ಗಣ ಕಡಿಮೆ

ಎರಡನೆಯ ಸಾಲಿನಲ್ಲಿ ಒಂದು ಗಣ ಕಡಿಮೆ ಬಿತ್ತು. ಯೂನುಸ್ ಮತ್ತೊಮ್ಮೆ ಗುರು ಲಘು ಹಾಕಿ ಎಣಿಸಿದ. ಕಡಿಮೆಯೇ.

ಬೋರ್ಡಿನ ಪಕ್ಕದಲ್ಲಿ ಪೆದ್ದಮ್ಮ ಪೊರಕೆ ಹಿಡಿದು ನಿಂತಿದ್ದಳು. ಮಿಡಿಗೇಶಿಯವಳು, ಕಾಲೇಜಿನ ಕಸ ಗುಡಿಸುವವಳು. ವರಾಂಡದಲ್ಲಿ ಅವಳು ಗುನುಗುತ್ತಿದ್ದುದು ಕಿವಿಗೆ ಬಿದ್ದು, ತ್ರಿಪದಿಗೆ ಒಳ್ಳೆಯ ಉದಾಹರಣೆ ಸಿಕ್ಕಿತೆಂದು ಅವನೇ ಪಾಠದ ನಡುವೆ ತರಗತಿಯೊಳಗೆ ಕರೆದಿದ್ದ. ಅವಳು ಹಾಡಿದ್ದನ್ನು ಹಾಗೇ ಬರೆದಿದ್ದ:

ತೊಟ್ಟೀಲು ಬರಿದಾಗಿ ಕಟ್ಟೀದ ಕೈಸೋತು
ಬಟ್ಟಾಲ ಹಾಲು ಕೆನೆಗಟ್ಟಿ
ಹಟ್ಟೀಗೆ ಬೆಳಗು ಹರಿದೀತೆ

"ಇಲ್ಲೊಂದು ಪದ ಬಿಟ್ಟುಹೋಗಿದೆ," ಎಂದ. ಐದು ಮಾತ್ರೆಯ ಪದ ಬೇಕಿತ್ತು. ಎರಡನೆಯ ಸಾಲಿನ ಕೊನೆಗೆ 'ಕಂದಯ್ಯ' ಎಂದು ಸೇರಿಸಿದ. ಲೆಕ್ಕ ಕೂತಿತು. "ಈಗ ಹಾಡಿ ಪೆದ್ದಮ್ಮ."

ಅವಳು ಶುರುಮಾಡಿದಳು. ಆ ಜಾಗಕ್ಕೆ ಬಂದು ನಿಂತುಬಿಟ್ಟಳು.

"ಆಗಾಕಿಲ್ಲ ಸಾ. ಅಲ್ಲಿ ನನ್ ಮಗಳ ಹೆಸ್ರಿತ್ತು. ಅವಳು ಹೋದ್ಮ್ಯಾಕೆ ತೆಗ್ದಾಕ್ಬುಟ್ಟೆ. ಈಗ ಅಲ್ಲಿ ಬರೀ ರಾಗ ಎಳೀತೀನಿ."

ಮುಂದಿನ ಬೆಂಚಿನ ವನಜಾಕ್ಷಿ ಎದ್ದಳು. "ಸಾರ್, ಯಾವ್ದು ಸರಿ?"

ಶಿರಾದ ಅವನ ಮನೆಯಲ್ಲಿ ಕನ್ನಡ ಎಂ.ಎ. ಮಾಡಿದವನು ಅವನೊಬ್ಬನೇ. 'ನೀವು ಕನ್ನಡ ಪಾಠ ಮಾಡ್ತೀರಾ?' ಎಂದು ಸಂದರ್ಶನದಲ್ಲಿ ನಕ್ಕವರ ಮುಂದೆ ಷಟ್ಪದಿಯ ಆರೂ ಬಗೆಗಳನ್ನು ತಡವರಿಸದೆ ಒಪ್ಪಿಸಿದ್ದ. ಅಂದಿನಿಂದ ಛಂದಸ್ಸಿನಲ್ಲಿ ತಾನು ತಪ್ಪಿದೆನೆಂದು ಒಮ್ಮೆಯೂ ಒಪ್ಪಿದವನಲ್ಲ.

"ಬೋರ್ಡಿನ ಮೇಲಿರೋದು," ಎಂದ. "ಬಾಯಿಪಾಠ ಮಾಡಿ."

ಪೆದ್ದಮ್ಮ ತಲೆಯಾಡಿಸಿ ಹೊರಗೆ ಹೋದಳು. ಸಿಟ್ಟೂ ಇರಲಿಲ್ಲ ಅವಳ ಮುಖದಲ್ಲಿ. ಅದು ಅವನನ್ನು ಹೆಚ್ಚು ಚುಚ್ಚಿತು. ಸೀಮೆಸುಣ್ಣ ಅಂಟಿದ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದ್ದ.

ಗಂಟೆ ಹೊಡೆದ ಮೇಲೆ ನಲ್ಲಿಯ ಬಳಿ ಸಿಕ್ಕಳು. ಬಕೆಟ್ ತುಂಬಿಸುತ್ತಿದ್ದಳು.

"ಪೆದ್ದಮ್ಮ."

"ಯೋಳಿ ಸಾ."

ಕ್ಷಮಿಸಿ ಎನ್ನಬೇಕಿತ್ತು. ಮಗಳ ಹೆಸರೇನೆಂದು ಕೇಳಬಹುದಿತ್ತು.

"ನೀರು ಸರಿಯಾಗಿ ಬರ್ತಿದೆಯಾ?"

"ಬತ್ತೈತೆ ಸಾ."

ಆಗ ತರಗತಿಯಿಂದ ನಲವತ್ತು ಗಂಟಲು ಒಟ್ಟಿಗೆ ಎದ್ದವು. ಗಂಟೆಯಾದರೂ ಹೊರಡದೆ ಬಾಯಿಪಾಠ ಮಾಡುತ್ತಿದ್ದರು. 'ಕಂದಯ್ಯ' ಬಂದಾಗಲೆಲ್ಲ ಬೆಂಚು ಗುದ್ದಿ ಜೋರಾಗಿ ಹೇಳುತ್ತಿದ್ದರು. ಪೆದ್ದಮ್ಮ ನಲ್ಲಿ ನಿಲ್ಲಿಸಲಿಲ್ಲ. ಬಕೆಟ್ ತುಂಬಿ ಅವಳ ಕಾಲಮೇಲೆ ಹರಿಯಿತು. ತರಗತಿಗೆ ಹೋಗಿ ಅವರನ್ನು ನಿಲ್ಲಿಸಬೇಕೆಂದು ಅವನು ತಿರುಗಿದ, ಆದರೆ ಎರಡು ಹೆಜ್ಜೆಗೇ ನಿಂತು ಕಿವಿಗೊಟ್ಟ. ಅವರು ಒಂದು ಮಾತ್ರೆಯನ್ನೂ ತಪ್ಪುತ್ತಿರಲಿಲ್ಲ.